ಒಂದನ್ನೇ ಬದಲಿಸಿ ನೋಡುವ ವಿದ್ಯೆ

(ಮಹೋತ್ಸವದ ಅಂಗವಾಗಿ ನೆರೆದ ಶಿಕ್ಷಕರ ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಮಹೋತ್ಸವದಲ್ಲಿ ಮಾತನಾಡಬೇಕೆಂದು ಅಪ್ಪಣೆಯಾದಾಗ ನಾನು ಮೊದಲು ಹಿಂಜರಿದೆನು. ಧರ್ಮವನ್ನೂ ಸಾಹಿತ್ಯವನ್ನೂ ಇತಿಹಾಸವನ್ನೂ ಬಲ್ಲ ವಿದ್ವಾಂಸರು ಮಾತನಾಡುವ ಈ ವೇದಿಕೆಯ ಮೇಲೆ ದಾರ, ಕಲ್ಲು, ಹೆಸರುಕಾಳುಗಳ ಪ್ರಸ್ತಾಪವನ್ನೆತ್ತಿಕೊಂಡು ನಿಲ್ಲುವುದು ಹೇಗೆಂಬುದು ನನ್ನ ಸಂಕೋಚವಾಗಿದ್ದಿತು. ಆದರೆ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ವಿಜ್ಞಾನವನ್ನು ಬೋಧಿಸುತ್ತ ನಾನು ನಿಜವಾಗಿ ಕಲಿತುದು ಯಾವುದೆಂದು ಕೇಳಿಕೊಂಡರೆ, ಅದು ಈ ದಾರ ಕಲ್ಲುಗಳಿಂದಲೇ. ಅದೂ ಒಬ್ಬ ಹುಡುಗನಿಗೆ ನಾನು ಮಾಡಿದ ಅನ್ಯಾಯದಿಂದ. ಆ ಕಥೆಯನ್ನು ಮುಂದೆ ಹೇಳುತ್ತೇನೆ.

ಪಂಚಮಿಯ ಜೋಕಾಲಿಯನ್ನು ಆಡದವರು ಈ ಸಭೆಯಲ್ಲಿ ಯಾರೂ ಇರಲಾರರು. ಮಕ್ಕಳು ಜೀಕುತ್ತಿರುವಾಗ ಅವರನ್ನು ಒಂದು ಪ್ರಶ್ನೆ ಕೇಳಿ ನೋಡಿರಿ: ದಪ್ಪನೆಯ ಹುಡುಗನು ಕುಳಿತರೆ ಜೋಕಾಲಿಯು ಒಮ್ಮೆ ಹೋಗಿ ಬರುವುದಕ್ಕೆ ಹೆಚ್ಚು ಹೊತ್ತು ಹಿಡಿಯುವುದೋ, ಸಣಕಲ ಹುಡುಗನು ಕುಳಿತರೆ ಹೆಚ್ಚು ಹೊತ್ತು ಹಿಡಿಯುವುದೋ? ಉತ್ತರವು ಥಟ್ಟನೆ ಬರುವುದು. "ಹಾಗಾದರೆ ಪರೀಕ್ಷೆ ಮಾಡಿ ತೋರಿಸು" ಎಂದರೆ ಹುಡುಗರು ಏನು ಮಾಡುವರು? ದಪ್ಪನೆಯವನನ್ನು ಬೇವಿನ ಮರದ ಉದ್ದ ಹಗ್ಗದ ಜೋಕಾಲಿಯಲ್ಲಿಯೂ, ಸಣ್ಣವನನ್ನು ಪಡಸಾಲೆಯ ತೊಲೆಗೆ ಕಟ್ಟಿದ ಗಿಡ್ಡ ಜೋಕಾಲಿಯಲ್ಲಿಯೂ ಕುಳ್ಳಿರಿಸಿ, ಒಬ್ಬನನ್ನು ಬಲವಾಗಿಯೂ ಇನ್ನೊಬ್ಬನನ್ನು ಮೆಲ್ಲಗೂ ತಳ್ಳಿ, "ನೋಡಿರಿ, ನಾವು ಹೇಳಿದ್ದೇ ಸರಿ" ಎಂದು ಕೈತಟ್ಟುವರು. ಭಾರ ಬದಲಾಯಿತು, ಹಗ್ಗದ ಉದ್ದ ಬದಲಾಯಿತು, ತಳ್ಳಿದ ಜೋರು ಬದಲಾಯಿತು. ಹೊತ್ತಿನಲ್ಲಿ ಕಂಡ ವ್ಯತ್ಯಾಸವು ಈ ಮೂರರಲ್ಲಿ ಯಾವುದರ ಫಲವೆಂಬುದನ್ನು ಬ್ರಹ್ಮನೂ ಹೇಳಲಾರನು. ಮಕ್ಕಳನ್ನು ನೋಡಿ ನಗಬೇಕಾದುದಿಲ್ಲ. ಹೊಸ ಗೊಬ್ಬರವನ್ನು ಬಾವಿಯ ಪಕ್ಕದ ಒಳ್ಳೆಯ ಹೊಲಕ್ಕೇ ಹಾಕಿ, ಹಳೆಯ ಗೊಬ್ಬರವನ್ನು ದೂರದ ಮರಡಿ ನೆಲಕ್ಕೆ ಬಿಟ್ಟು, ಸುಗ್ಗಿಯಲ್ಲಿ ಹೊಸ ಗೊಬ್ಬರವನ್ನು ಹೊಗಳುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ.

ಹೀಗೆ ಬದಲಾಗಬಲ್ಲ ಒಂದೊಂದು ಸಂಗತಿಯನ್ನೂ ಶಾಸ್ತ್ರಕಾರರು 'ಚರ'ವೆಂದು ಕರೆಯುತ್ತಾರೆ. ಸ್ಥಿರಪಟ್ಟ, ಚರಪಟ್ಟ, ಚರಮೂರ್ತಿಗಳೆಂಬ ಮಾತುಗಳನ್ನು ದಿನವೂ ಆಡುವ ಮಠದ ಶಿಷ್ಯರಿಗೆ ಈ ಶಬ್ದವನ್ನು ನಾನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ನಿಂತಲ್ಲಿ ನಿಲ್ಲದೆ ಸಂಚರಿಸುವುದೇ ಚರ. ನಾವು ಬೇಕೆಂದು ಬದಲಿಸುವುದು ಸ್ವತಂತ್ರ ಚರ, ಅದರಿಂದ ಬದಲಾಯಿತೋ ಇಲ್ಲವೋ ಎಂದು ನಾವು ಅಳೆಯುವುದು ಅವಲಂಬಿತ ಚರ, ಮಿಸುಕದಂತೆ ಹಿಡಿದಿಡುವುದು ನಿಯಂತ್ರಿತ ಚರ ಎಂಬುದಾಗಿ ಪಠ್ಯಪುಸ್ತಕಗಳಲ್ಲಿ ಹೆಸರುಗಳಿರುತ್ತವೆ. ಹೆಸರುಗಳೇನೋ ಬೇಕು, ಆದರೆ ಐದನೆಯ ತರಗತಿಯ ಮಗುವಿನ ಬಾಯಿಗೆ ಅವನ್ನು ಮೊದಲೇ ತುರುಕಿದರೆ ಅದು ಶಬ್ದವನ್ನು ನುಂಗಿ ಅರ್ಥವನ್ನು ಉಗುಳುವುದು. ನಾನು ಈಗ ಮಕ್ಕಳಿಗೆ ಹೇಳುವುದು ಮೂರೇ ಮಾತು: ಬದಲಿಸುವುದು ಯಾವುದು, ಅಳೆಯುವುದು ಯಾವುದು, ಕಾಯುವುದು ಯಾವುದು? ಮೊದಲನೆಯದು ಒಂದೇ ಇರಬೇಕು. ಮೂರನೆಯದರ ಪಟ್ಟಿ ಎಷ್ಟು ಉದ್ದವಾದರೂ ಸಾಲದು.

ಇನ್ನು ನನ್ನ ತಪ್ಪಿನ ಕಥೆ. ನಾನು ಆಗ ಒಂದು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆನು. ಲೋಲಕದ ಪಾಠ ನಡೆದಿದ್ದಿತು. ದಾರಕ್ಕೆ ಕಲ್ಲು ಕಟ್ಟಿ ಮೊಳೆಗೆ ತೂಗುಹಾಕಿ ಓಲಾಡಿಸುವುದು. 20 ಓಲಾಟಗಳಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ ಬರೆಯುವುದು. ಬಳಿಕ ಕಲ್ಲನ್ನು ಬದಲಿಸಿ ಮತ್ತೆ ಎಣಿಸುವುದು. ದಾರದ ಉದ್ದವನ್ನು ಎಲ್ಲರೂ 25 ಸೆಂಟಿಮೀಟರು ಇಟ್ಟುಕೊಳ್ಳಬೇಕೆಂದು ನಾನೇ ಹೇಳಿದ್ದೆನು. ಭಾರವು ಹೆಚ್ಚಾದರೂ ಕಾಲವು ಬದಲಾಗದೆಂಬುದು ಗೆಲಿಲಿಯೋನ ಕಾಲದಿಂದಲೂ ತಿಳಿದ ಸಂಗತಿ. ಪುಸ್ತಕದಲ್ಲಿಯೂ ಹಾಗೆಯೇ ಇದ್ದಿತು. ಹುಡುಗರೆಲ್ಲರೂ ಎರಡು ಕಲ್ಲುಗಳಿಗೂ ಒಂದೇ ಅಂಕಿಯನ್ನು ಬರೆದು ತಂದರು. ಒಬ್ಬನು ಮಾತ್ರ ಸಣ್ಣ ಕಲ್ಲಿಗೆ 21 ಸೆಕೆಂಡು, ದೊಡ್ಡ ಕಲ್ಲಿಗೆ 22 ಸೆಕೆಂಡು ಎಂದು ಬರೆದಿದ್ದನು. "ಎಣಿಕೆ ತಪ್ಪಿದೆಯಲ್ಲೋ ತಮ್ಮಾ" ಎಂದೆನು. "ಮೂರು ಸಲ ಎಣಿಸೀನ್ರಿ ಗುರುಗಳ, ಮೂರೂ ಸಲ ಹಂಗ ಬಂತ್ರಿ" ಎಂದನು. ನನಗೆ ಸಿಟ್ಟು ಬಂದಿತು. ಪುಸ್ತಕಕ್ಕಿಂತ ನೀನು ಬಲ್ಲವನೋ ಎಂದು ಗದರಿಸಿ, ಅಳಿಸಿ ಎರಡಕ್ಕೂ 21 ಎಂದೇ ಬರೆಯುವಂತೆ ಮಾಡಿದೆನು. ಅವನು ಬರೆದನು. ನಾನು ಕೆಂಪು ಮಸಿಯಿಂದ ಸರಿಯೆಂದು ಗುರುತು ಹಾಕಿದೆನು.

ಅನೇಕ ವರ್ಷಗಳಾದ ಮೇಲೆ ಒಂದು ಬೇಸಗೆಯಲ್ಲಿ, ಮೊಮ್ಮಗಳಿಗೆ ತೋರಿಸಲೆಂದು ಮನೆಯಲ್ಲಿಯೇ ಅದೇ ಪ್ರಯೋಗವನ್ನು ಹೂಡಿದೆನು. ಸಣ್ಣ ಹರಳುಕಲ್ಲು ಒಂದು; ಹೊಳೆಯ ದಂಡೆಯಿಂದ ತಂದ, ಅರ್ಧ ಗೇಣುದ್ದದ ಕಲ್ಲು ಇನ್ನೊಂದು. ದಾರವನ್ನು ಮೊಳೆಯಿಂದ ಗಂಟಿನವರೆಗೆ 25 ಸೆಂಟಿಮೀಟರು ಅಳೆದೆನು. ದೊಡ್ಡ ಕಲ್ಲು ಒಂದು ಸೆಕೆಂಡಿಗೂ ಮೇಲ್ಪಟ್ಟು ಹಿಂದೆ ಬಿದ್ದಿತು. ಮತ್ತೆ ಎಣಿಸಿದೆನು; ಹಾಗೆಯೇ. ಆಗ ಆ ಹುಡುಗನ ಮುಖವು ಕಣ್ಣಮುಂದೆ ನಿಂತಿತು.

ಸಂಗತಿಯು ಬಹಳ ಸರಳವಾದುದು. ಲೋಲಕದ ಉದ್ದವೆಂದರೆ ಮೊಳೆಯಿಂದ ಗಂಟಿನವರೆಗಿನ ದಾರವಲ್ಲ. ಮೊಳೆಯಿಂದ ಕಲ್ಲಿನ ನಡುಮಧ್ಯದವರೆಗಿನ ದೂರ. ಸಣ್ಣ ಹರಳಿನ ನಡುವು ಗಂಟಿನಿಂದ ಎರಡು ಸೆಂಟಿಮೀಟರು ಕೆಳಗಿದ್ದರೆ ಉದ್ದನೆಯ ಕಲ್ಲಿನ ನಡುವು ಆರು ಸೆಂಟಿಮೀಟರು ಕೆಳಗಿರುವುದು. ಆದುದರಿಂದ ಒಂದು ಲೋಲಕದ ಉದ್ದ 27, ಇನ್ನೊಂದರದು 31. ಭಾರವನ್ನು ಮಾತ್ರ ಬದಲಿಸಿದೆವೆಂದು ನಾವು ತಿಳಿದಿದ್ದೆವು; ಉದ್ದವೂ ಅದರ ಬೆನ್ನಹಿಂದೆಯೇ ಬದಲಾಗಿದ್ದಿತು. ದಾರವನ್ನು ನಾಲ್ಕು ಸೆಂಟಿಮೀಟರು ಗಿಡ್ಡಮಾಡಿ ಕಟ್ಟಿದೊಡನೆ ಎರಡು ಕಲ್ಲುಗಳೂ ಜೊತೆಯಾಗಿಯೇ ಓಲಾಡತೊಡಗಿದವು. ಹುಡುಗನ ಕಣ್ಣು ಸರಿ, ಎಣಿಕೆ ಸರಿ, ಅಂಕಿ ಸರಿ. ಕಾಯಬೇಕಾದ ಚರವನ್ನು ಕಾಯದೆ ಬಿಟ್ಟವನು ನಾನು. ಪುಸ್ತಕದ ಮಾತೂ ಸುಳ್ಳಲ್ಲ. ಉದ್ದವು ಸಮನಾಗಿದ್ದರೆ ಎಂಬ ನಿಬಂಧನೆಯನ್ನು ನಾನು ಸರಿಯಾಗಿ ಓದಿರಲಿಲ್ಲ, ಅಷ್ಟೆ. ಉಳಿದ ಹುಡುಗರ ಅಂಕಿಗಳು ಒಂದೇ ಆಗಿದ್ದುದು ಹೇಗೆಂಬುದನ್ನು ಇಲ್ಲಿರುವ ಉಪಾಧ್ಯಾಯರಿಗೆ ನಾನು ಹೇಳಬೇಕಾಗಿಲ್ಲ.

ಆ ಹುಡುಗನು ಈಗ ಪೇಟೆಯಲ್ಲಿ ಒಂದು ಅಂಗಡಿಯನ್ನಿಟ್ಟುಕೊಂಡಿದ್ದಾನೆ. ಹುಡುಕಿಕೊಂಡು ಹೋಗಿ, "ಅಪ್ಪಾ, ಅಂದು ನೀನು ಬರೆದಿದ್ದ ಲೆಕ್ಕವೇ ಸರಿಯಾಗಿದ್ದಿತು" ಎಂದು ಹೇಳಿದೆನು. ಅವನು ನಕ್ಕು, ಕುರ್ಚಿ ಒರೆಸಿ ಕೂರಿಸಿ, ಚಹ ತರಿಸಿ, "ಅದಾದ ಮ್ಯಾಲ ನಾ ಮೊದಲ ಪುಸ್ತಕ ಬರೀತಿದ್ದೆ, ಆಮ್ಯಾಲ ಪ್ರಯೋಗ ಮಾಡ್ತಿದ್ದೆ ನೋಡ್ರಿ" ಎಂದನು. ಅವನ ಮಾತಿನಲ್ಲಿ ಕಹಿಯಿರಲಿಲ್ಲ. ಆದುದರಿಂದಲೇ ನನಗೆ ಅದು ಇನ್ನೂ ಚುಚ್ಚುತ್ತದೆ.

ಕಣ್ಣಿಗೆ ಬೀಳದೆ ಬದಲಾಗುವ ಚರವು ಹಳ್ಳಿಯ ಉಪಾಧ್ಯಾಯನನ್ನು ಮಾತ್ರವಲ್ಲ, ಮಹಾಪಂಡಿತರನ್ನೂ ಕಾಡಿದೆ. ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯನು 1886ರಲ್ಲಿ ಜಾವಾ ದ್ವೀಪಕ್ಕೆ ಬಂದುದು ಬೆರಿಬೆರಿ ಎಂಬ ರೋಗದ ಮೂಲವನ್ನು ಕಂಡುಹಿಡಿಯಲೆಂದು. ಕೈಕಾಲುಗಳು ಸೋತು ಹೃದಯವು ಕುಂದಿ ಸೈನಿಕರೂ ಸೆರೆಯಾಳುಗಳೂ ಸಾಯುತ್ತಿದ್ದರು. ಅದು ರೋಗಾಣುಗಳ ಶೋಧದ ಕಾಲ. ಇದೂ ಯಾವುದೋ ಒಂದು ಅಣುಜೀವಿಯ ಕೆಲಸವೆಂದು ನಂಬಿ, ರೋಗಿಗಳ ರಕ್ತವನ್ನು ಕೋಳಿಗಳಿಗೆ ಚುಚ್ಚಿ ಪರೀಕ್ಷಿಸಿದರು. ಕೋಳಿಗಳ ಕಾಲು ಸೋತವು. ಇಷ್ಟಕ್ಕೇ ನಿಲ್ಲಿಸಿದ್ದರೆ ರೋಗಾಣು ಸಿಕ್ಕಿತೆಂದು ಡಂಗುರ ಸಾರಬಹುದಾಗಿತ್ತು. ಆದರೆ ಏನನ್ನೂ ಚುಚ್ಚದೆ ಹೋಲಿಕೆಗಾಗಿ ಇಟ್ಟಿದ್ದ ಕೋಳಿಗಳೂ ಅದೇ ರೀತಿಯಾಗಿ ಕಾಲು ಸೋತು ಬಿದ್ದವು. ಹಾಗಾದರೆ ಚುಚ್ಚಿದುದು ಕಾರಣವಲ್ಲ. ಮುಂದೆ ಕೆಲವು ತಿಂಗಳುಗಳಲ್ಲಿ ರೋಗವು ತಾನಾಗಿಯೇ ಮಾಯವಾಯಿತು; ಬಿದ್ದಿದ್ದ ಕೋಳಿಗಳು ಎದ್ದು ಓಡಾಡಿದವು.

ಐಕ್‌ಮನ್ನನು ಆಗ ಕೇಳಿಕೊಂಡ ಪ್ರಶ್ನೆಯೇ ನಾವು ಮಕ್ಕಳಿಗೆ ಕಲಿಸಬೇಕಾದ ಪ್ರಶ್ನೆ: ಈ ನಡುವೆ ಬದಲಾದುದು ಯಾವುದು? ವಿಚಾರಿಸಲಾಗಿ, ಕೋಳಿಗಳನ್ನು ನೋಡಿಕೊಳ್ಳುತ್ತಿದ್ದವನು ಖರ್ಚನ್ನು ಉಳಿಸಲೆಂದು ಸೈನಿಕರ ಆಸ್ಪತ್ರೆಯ ಅಡುಗೆಮನೆಯಿಂದ ಮಿಕ್ಕ ಅನ್ನವನ್ನು, ಅಂದರೆ ತೌಡು ತೆಗೆದು ಬಿಳುಪು ಮಾಡಿದ ಅಕ್ಕಿಯ ಅನ್ನವನ್ನು, ಹಾಕುತ್ತಿದ್ದನೆಂದು ತಿಳಿಯಿತು. ಅಡುಗೆಯವನು ಬದಲಾದನು, ಹೊಸಬನು, ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲಾಗದೆಂದು ನಿರಾಕರಿಸಿದನು. ಕೋಳಿಗಳಿಗೆ ಮತ್ತೆ ತೌಡಿರುವ ಅಕ್ಕಿ ದೊರೆಯಿತು, ರೋಗ ಹೋಯಿತು. ಆ ಅಡುಗೆಯವನು ತನಗರಿಯದೆಯೇ ಜಗತ್ತಿನ ದೊಡ್ಡ ಪ್ರಯೋಗಗಳಲ್ಲೊಂದನ್ನು ಮಾಡಿದನೆನ್ನಬಹುದು! ಬಳಿಕ ಐಕ್‌ಮನ್ನನು ಅಕ್ಕಿಯೊಂದನ್ನೇ ಬೇಕೆಂದು ಬದಲಿಸಿ ನೋಡಿದನು: ಬಿಳಿಯ ಅಕ್ಕಿ ತಿಂದವು ಬಿದ್ದವು, ತೌಡಿನ ಅಕ್ಕಿ ತಿಂದವು ಉಳಿದವು. ಮುಂದೆ ಜಾವಾದ ಸುಮಾರು ನೂರು ಸೆರೆಮನೆಗಳಲ್ಲಿ ವಿಚಾರಿಸಿದಾಗ ಮನುಷ್ಯರಲ್ಲಿಯೂ ಇದೇ ಕಂಡಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚರವನ್ನು ಸರಿಯಾಗಿ ಹಿಡಿದ ಐಕ್‌ಮನ್ನನು ಕಾರಣವನ್ನು ತಪ್ಪಾಗಿ ಊಹಿಸಿದನು: ಅನ್ನದಲ್ಲಿ ಏನೋ ವಿಷವಿದೆ, ತೌಡಿನಲ್ಲಿ ಅದಕ್ಕೆ ಮದ್ದಿದೆ ಎಂದುಕೊಂಡನು. ವಿಷವಿಲ್ಲ, ತೌಡಿನೊಡನೆ ದೇಹಕ್ಕೆ ಬೇಕಾದ ಸತ್ತ್ವವೊಂದು ಹೊರಟುಹೋಗುತ್ತದೆ ಎಂದು 1901ರಲ್ಲಿ ಹೇಳಿದವನು ಅವನ ಉತ್ತರಾಧಿಕಾರಿ ಗ್ರೈನ್ಸ್. ಇಂದು ಅದನ್ನು ಬಿ1 ಜೀವಸತ್ತ್ವವೆನ್ನುತ್ತೇವೆ. ಐಕ್‌ಮನ್ನನಿಗೆ 1929ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಊಹೆ ತಪ್ಪಿದರೂ ಅವನ ಅಂಕಿಗಳು ಉಳಿದವು. ಅವುಗಳ ಮೇಲೆಯೇ ಮುಂದಿನವರು ಸರಿಯಾದ ಊಹೆಯನ್ನು ಕಟ್ಟಿದರು. ಚುಚ್ಚದ ಕೋಳಿಗಳೂ ಬಿದ್ದವೆಂಬ ಸಾಲನ್ನು ಯಾರಾದರೂ ಗದರಿಸಿ ಅಳಿಸಿ ಹಾಕಿಸಿದ್ದರೆ?

ಇನ್ನು ನಮ್ಮ ಶಾಲೆಗಳಲ್ಲಿ ಎಲ್ಲೆಲ್ಲಿಯೂ ನಡೆಯುವ ಬೀಜದ ಪ್ರಯೋಗವನ್ನು ನೋಡೋಣ. ಹೆಸರುಕಾಳನ್ನು ಎರಡು ಕುಡಿಕೆಗಳಲ್ಲಿ ಬಿತ್ತಿ, ಒಂದನ್ನು ಕಿಟಕಿಯಲ್ಲಿಯೂ ಒಂದನ್ನು ಕತ್ತಲೆಯ ಕಪಾಟಿನಲ್ಲಿಯೂ ಇಟ್ಟು, ಬೆಳಕಿಲ್ಲದೆ ಗಿಡವು ಬೆಳೆಯದೆಂದು ಸಾಧಿಸುವುದು ಉಪಾಧ್ಯಾಯರ ಉದ್ದೇಶ. ವಾರದ ಮೇಲೆ ಮಕ್ಕಳು ಅಳತೆಪಟ್ಟಿ ಹಿಡಿದು ಅಳೆದರೆ ಕತ್ತಲೆಯ ಸಸಿಯೇ ಎತ್ತರ! ಉಪಾಧ್ಯಾಯರಿಗೆ ಪೇಚು. ಕಾಳಿನೊಳಗಿನ ಆಹಾರವನ್ನೆಲ್ಲ ವೆಚ್ಚಮಾಡಿ, ಬೆಳಕೆಲ್ಲಿದೆಯೆಂದು ಹುಡುಕುತ್ತ ಆ ಸಸಿ ತೆಳ್ಳಗೆ ಬಿಳಿಚಿಕೊಂಡು ನಿಗುರಿರುತ್ತದೆ. ಆದರೆ 'ಬೆಳವಣಿಗೆ'ಯೆಂದರೆ ಎತ್ತರವೆಂದು ನಾವೇ ಹೇಳಿಕೊಟ್ಟಿದ್ದ ಮೇಲೆ ಮಗುವು ಇನ್ನೇನು ಹೇಳೀತು? ಇಲ್ಲಿ ತಪ್ಪಿದುದು ಬದಲಿಸುವ ಚರವಲ್ಲ, ಅಳೆಯುವ ಚರ. ಎಲೆಯ ಅಗಲವನ್ನೂ ಬಣ್ಣವನ್ನೂ ನೋಡಿದ್ದರೆ, ಸಸಿಗಳನ್ನು ಕಿತ್ತು ಒಣಗಿಸಿ ತೂಗಿದ್ದರೆ, ಉತ್ತರವು ಬೇರೆಯಾಗುತ್ತಿದ್ದಿತು. ಕತ್ತಲೆಯ ಸಸಿಯ ಒಣತೂಕವು ಬಿತ್ತಿದ ಕಾಳಿನ ಒಣತೂಕಕ್ಕಿಂತಲೂ ಕಡಿಮೆಯಾಗಿರುತ್ತದೆ.

ಕಾಯುವ ಚರಗಳ ಕಥೆಯೂ ಅಷ್ಟೆ. ಎರಡಕ್ಕೂ ಒಂದೊಂದು ಲೋಟ ನೀರೆರೆದೆವು, ಸಮವಾಯಿತು ಎನ್ನುತ್ತೇವೆ. ಆದರೆ ಕಿಟಕಿಯ ಕುಡಿಕೆ ಬಿಸಿಲಿಗೆ ಬೇಗ ಒಣಗುವುದು, ಕಪಾಟಿನದು ಒದ್ದೆಯಾಗಿಯೇ ಇರುವುದು. ಎರೆದ ನೀರು ಸಮ, ಬೇರಿಗೆ ಸಿಕ್ಕ ನೀರು ಸಮವಲ್ಲ. ಎರಡು ಕುಡಿಕೆಗಳನ್ನೂ ಒಂದೇ ಕಿಟಕಿಯಲ್ಲಿಟ್ಟು, ಒಂದಕ್ಕೆ ರಟ್ಟಿನ ಡಬ್ಬಿ ಮುಚ್ಚಿ, ಇನ್ನೊಂದಕ್ಕೂ ಅಂಥದೇ ಡಬ್ಬಿಯ ಮೇಲ್ಭಾಗವನ್ನು ಕತ್ತರಿಸಿ ಹಾಕಿದರೆ ಕೊಂಚ ಮೇಲು. ಇದನ್ನು ನಾನು ಹೇಳಿಕೊಟ್ಟುದಲ್ಲ. ಏಳನೆಯ ತರಗತಿಯ ಒಬ್ಬ ಹುಡುಗಿ ಹೇಳಿದಳು.

ಇಷ್ಟೆಲ್ಲವನ್ನೂ ಮಕ್ಕಳು ತಾವಾಗಿಯೇ ಕಂಡುಕೊಳ್ಳಲಿ, ಸಾಮಾನುಗಳನ್ನು ಕೊಟ್ಟು ನಾವು ಸುಮ್ಮನಿರೋಣ ಎಂಬ ವಾದವೊಂದುಂಟು. ನಾನೂ ಬಹುಕಾಲ ಅದನ್ನು ನಂಬಿದ್ದೆನು. ಜೆನೀವಾದ ಪಿಯಾಜೆ ಮತ್ತು ಇನ್‌ಹೆಲ್ಡರ್ ಎಂಬ ಪಂಡಿತರು 1955ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ಲೋಲಕವನ್ನು ಮಕ್ಕಳ ಮುಂದಿಟ್ಟು ಪರೀಕ್ಷಿಸಿ, ಒಂದನ್ನು ಬದಲಿಸಿ ಮಿಕ್ಕವನ್ನು ಹಿಡಿದಿಡುವ ಬುದ್ಧಿಯು ಹನ್ನೊಂದು ಹನ್ನೆರಡು ವರ್ಷಗಳ ಮೇಲೆಯೇ ಬಲಿಯತಕ್ಕುದೆಂದು ತಿಳಿಸಿದರು. ಆದರೆ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಚೆನ್ ಮತ್ತು ಕ್ಲಾರ್ ಎಂಬವರು ಏಳರಿಂದ ಹತ್ತು ವರ್ಷದ ಮಕ್ಕಳಿಗೆ ಇಳಿಜಾರು ಹಲಗೆ, ಚೆಂಡು, ಸುರುಳಿತಂತಿ ಮೊದಲಾದವುಗಳ ಮೂಲಕ ಈ ವಿದ್ಯೆಯನ್ನು ಬಿಡಿಸಿ ಹೇಳಿಕೊಟ್ಟು ನೋಡಿದರು. ಮಕ್ಕಳು ಕಲಿತರೆಂದೂ, ಅವರಲ್ಲಿ ದೊಡ್ಡವರು ಕಲಿತುದನ್ನು ಬೇರೆ ಸಂದರ್ಭಕ್ಕೂ ಅನ್ವಯಿಸಬಲ್ಲವರಾದರೆಂದೂ 1999ರಲ್ಲಿ ವರದಿಮಾಡಿದರು. 2004ರಲ್ಲಿ ಕ್ಲಾರ್ ಮತ್ತು ನಿಗಮ್ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ, ಉದಾಹರಣೆ ತೋರಿಸಿ ಹೇಳಿಕೊಟ್ಟ ಮೂರು ನಾಲ್ಕನೆಯ ತರಗತಿಯ ಮಕ್ಕಳಲ್ಲಿ ಮುಕ್ಕಾಲು ಪಾಲು ಈ ವಿದ್ಯೆಯನ್ನು ಕರಗತಮಾಡಿಕೊಂಡರೆ, ಸುಮ್ಮನೆ ಸಾಮಾನು ಕೊಟ್ಟು ಬಿಟ್ಟ ಮಕ್ಕಳಲ್ಲಿ ಕಾಲುಪಾಲಿನಷ್ಟೇ ಅದನ್ನು ಪಡೆದರು.

ಹೇಳಿಕೊಡುವುದೆಂದರೆ ಉಪನ್ಯಾಸ ಮಾಡುವುದಲ್ಲ. ಆ ದೋಷವನ್ನು ನಾನು ಈಗ ಮಾಡುತ್ತಿದ್ದೇನೆ, ಕ್ಷಮಿಸಬೇಕು. ಉಪಾಧ್ಯಾಯನು ಬೇಕೆಂದೇ ಒಂದು ಕೆಟ್ಟ ಪ್ರಯೋಗವನ್ನು ಹೂಡಬೇಕು. ಉದ್ದ ದಾರ, ದೊಡ್ಡ ಕಲ್ಲು ಒಂದು ಕಡೆ. ಗಿಡ್ಡ ದಾರ, ಸಣ್ಣ ಕಲ್ಲು ಒಂದು ಕಡೆ. "ನೋಡಿರಿ ಮಕ್ಕಳೇ, ಭಾರದ ಕಲ್ಲು ನಿಧಾನ. ಒಪ್ಪುವಿರಾ?" ಎಂದು ಕೇಳಬೇಕು. ಮೊದಲ ದಿನ ಎಲ್ಲರೂ ಒಪ್ಪುವರು. ಎರಡನೆಯ ದಿನ ಹಿಂದಿನ ಸಾಲಿನಿಂದ ಒಂದು ದನಿ, "ದಾರಾನೂ ಬ್ಯಾರೆ ಐತಲ್ರಿ" ಎನ್ನುವುದು. ಗುರುವನ್ನು ತಪ್ಪಿನಲ್ಲಿ ಹಿಡಿಯುವುದರಲ್ಲಿ ಮಕ್ಕಳಿಗಿರುವ ಆನಂದವನ್ನು ನಾವು ಕಡೆಗಣಿಸಬಾರದು; ಅದಕ್ಕಿಂತ ಒಳ್ಳೆಯ ಪಾಠೋಪಕರಣವು ಯಾವ ಅಂಗಡಿಯಲ್ಲಿಯೂ ದೊರೆಯದು. ಆಮೇಲೆ ಅವರೇ ದಾರವನ್ನು ಅಳೆಯುವರು. 100 ಸೆಂಟಿಮೀಟರಿನ ಲೋಲಕವು ಹತ್ತು ಸಲ ಹೋಗಿಬರಲು 20 ಸೆಕೆಂಡು ತೆಗೆದುಕೊಂಡರೆ 25 ಸೆಂಟಿಮೀಟರಿನದು ಹತ್ತೇ ಸೆಕೆಂಡು ತೆಗೆದುಕೊಳ್ಳುವುದನ್ನು, ಅಂದರೆ ಕಾಲು ಉದ್ದಕ್ಕೆ ಅರ್ಧ ಕಾಲವೆಂಬುದನ್ನು, ಕಂಡು ಬೆರಗಾಗುವರು. ಬಹಳ ಅಗಲಕ್ಕೆ ಎಳೆದು ಬಿಟ್ಟರೆ ಕಾಲವು ಕೊಂಚ ಹೆಚ್ಚುವುದನ್ನೂ ಚುರುಕಾದ ಮಕ್ಕಳು ಹಿಡಿಯುವುದುಂಟು. 60 ಅಂಶಗಳಷ್ಟು ಎತ್ತಿ ಬಿಟ್ಟರೆ ನೂರಕ್ಕೆ ಏಳರಷ್ಟು ಹೆಚ್ಚು.

ಒಂದನ್ನೇ ಬದಲಿಸೆಂಬುದು ಮೊದಲ ಪಾಠ, ಕಡೆಯ ಪಾಠವಲ್ಲ. ಹೊಲದಲ್ಲಿ ಎಲ್ಲ ಚರಗಳನ್ನೂ ಕಾಯುವುದು ಯಾರಿಂದಲೂ ಆಗದ ಮಾತು. ಒಂದು ಮಡಿಯ ಮಣ್ಣಿನಂತೆ ಇನ್ನೊಂದು ಮಡಿಯ ಮಣ್ಣಿಲ್ಲ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿಕ್ಷೇತ್ರಕ್ಕೆ 1919ರಲ್ಲಿ ಬಂದ ಫಿಶರ್ ಎಂಬ ಗಣಿತಜ್ಞನು, ಯಾವ ಗೊಬ್ಬರ ಯಾವ ಮಡಿಗೆಂಬುದನ್ನು ನಮ್ಮ ಇಷ್ಟಕ್ಕೆ ಬಿಡದೆ ಚೀಟಿಯೆತ್ತಿದಂತೆ ಗೊತ್ತುಪಡಿಸಿ, ಒಂದೊಂದನ್ನೂ ಹಲವು ಮಡಿಗಳಲ್ಲಿ ಹಾಕಿ ನೋಡಬೇಕೆಂಬ ಕ್ರಮವನ್ನು ಬಳಕೆಗೆ ತಂದನು. ನೀರಿದ್ದಾಗ ಮಾತ್ರ ಗೊಬ್ಬರ ಫಲಿಸುವಂತೆ, ಎರಡು ಚರಗಳು ಕೂಡಿ ಕೆಲಸ ಮಾಡುವುದೂ ಉಂಟು. ರೈತರ ಮಕ್ಕಳಿಗೆ ಇದನ್ನು ಹೇಳಿದರೆ ನಮಗಿಂತ ಬೇಗ ಹಿಡಿಯುವರು.

ಉಪಾಧ್ಯಾಯ ಬಂಧುಗಳಲ್ಲಿ ನನ್ನದೊಂದು ಬಿನ್ನಹವುಂಟು. ಪ್ರಯೋಗದ ಪುಸ್ತಕದಲ್ಲಿ ಈಗಿರುವ ಅಂಕಣಗಳ ಜೊತೆಗೆ 'ಬಾರದೆ ಇದ್ದುದು' ಎಂಬ ಇನ್ನೊಂದು ಅಂಕಣವನ್ನು ಮಕ್ಕಳಿಂದ ಹಾಕಿಸಿರಿ. ಪುಸ್ತಕದ ಮಾತಿಗೆ ಒಪ್ಪದ ಅಂಕಿ ಬಂದರೆ ಅದನ್ನು ಅಲ್ಲಿ ಬರೆಯಲಿ. ಅದರ ಎದುರಿಗೆ, ಕಾಯದೆ ಬಿಟ್ಟ ಚರ ಯಾವುದಿರಬಹುದೆಂದು ಊಹಿಸಿ ಬರೆಯಲಿ. ಅಂಕವನ್ನು ಆ ಅಂಕಣಕ್ಕೂ ಕೊಡಿರಿ. ಪೋಷಕರಲ್ಲಿಯೂ ಕೇಳಿಕೊಳ್ಳುವುದಿಷ್ಟೆ: ಮಗುವು ಅಡುಗೆಮನೆಯಲ್ಲಿ ಒಂದು ಬಟ್ಟಲು ಹಾಲನ್ನು ಒಲೆಯ ಬಳಿಯಲ್ಲಿಯೂ ಒಂದು ಬಟ್ಟಲನ್ನು ಕಿಟಕಿಯಲ್ಲಿಯೂ ಇಟ್ಟು ಯಾವುದು ಬೇಗ ಹೆಪ್ಪುಗಟ್ಟುವುದೋ ನೋಡುತ್ತೇನೆಂದರೆ ಬೈಯಬೇಡಿರಿ. ಎರಡಕ್ಕೂ ಹಾಕಿದ ಹೆಪ್ಪು ಸಮನಾಗಿದ್ದಿತೇ ಎಂದು ಮಾತ್ರ ಕೇಳಿರಿ.

ದಾಸೋಹದ ಮನೆಯ ಹಿಂದಿನ ಪಡಸಾಲೆಯಲ್ಲಿ ನಾಲ್ಕು ಮೊಳೆಗಳನ್ನು ಹೊಡೆಸಿ, ದಾರದ ಉಂಡೆಯನ್ನೂ ಹಲವು ಬಗೆಯ ಕಲ್ಲುಗಳನ್ನೂ ಒಂದು ಗಡಿಯಾರವನ್ನೂ ಇರಿಸಿದ್ದೇನೆ. ಪ್ರಸಾದವಾದ ಮೇಲೆ ಮಕ್ಕಳು ಅಲ್ಲಿಗೆ ಬರಬಹುದು. ದೊಡ್ಡವರು ಬಂದರೂ ಸಂತೋಷವೇ. ದಾರವನ್ನು ಎಲ್ಲಿಂದ ಎಲ್ಲಿಯವರೆಗೆ ಅಳೆಯಬೇಕೆಂಬುದನ್ನು ನಾನು ಈಗಾಗಲೇ ಬಾಯಿತಪ್ಪಿ ಹೇಳಿಬಿಟ್ಟಿದ್ದೇನೆ. ಸಭೆಯಲ್ಲಿ ನಿದ್ರಿಸುತ್ತಿದ್ದ ಮಕ್ಕಳಿಗೆ ಮಾತ್ರ ಅದನ್ನು ಕಂಡುಹಿಡಿಯುವ ಭಾಗ್ಯವು ಉಳಿದಿದೆ.